ನಲವತ್ತೊಂದು ವರ್ಷ ಕಾದ ಸರದಿ

ಮಕ್ಕಳೇ, ಈ ವಾರದ ಪುಟ ಓದುವ ಮೊದಲು ಮನೆಯಲ್ಲಿರುವ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದರಲ್ಲಿ ಅರ್ಧ ಕಥೆ ಅವರ ಕಾಲದ್ದು, ಉಳಿದರ್ಧ ನಿಮ್ಮ ಕಾಲದ್ದು. ಎರಡೂ ಕೂಡಿದರೇ ಕಥೆ ಪೂರ್ತಿ.

ಮೊದಲು ನೀವು ಅವರನ್ನು ಕೇಳಿ: "1984ರ ಏಪ್ರಿಲ್ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು ಯಾವುದು?" ಸ್ವಲ್ಪ ಯೋಚಿಸಿ ಅವರು ಹೇಳುತ್ತಾರೆ, ರಾಕೇಶ್ ಶರ್ಮಾ. ಆಮೇಲೆ ಅವರು ನಿಮ್ಮನ್ನು ಕೇಳಲಿ: "2025ರ ಜೂನ್ ತಿಂಗಳಲ್ಲಿ ಶಾಲೆಯಲ್ಲೆಲ್ಲ ಕೇಳಿಬಂದ ಹೆಸರು ಯಾವುದು?" ನೀವು ಯೋಚಿಸುವುದೇ ಬೇಡ, ಶುಭಾಂಶು ಶುಕ್ಲಾ.

ಇಬ್ಬರೂ ಭಾರತೀಯ ವಾಯುಪಡೆಯ ಪೈಲಟ್‌ಗಳು. ಇಬ್ಬರೂ ಬಾಹ್ಯಾಕಾಶಕ್ಕೆ ಹೋಗಿ ಬಂದವರು. ಮೊದಲನೆಯವರು ಹೋಗಿ ಬಂದಾಗ ಎರಡನೆಯವರು ಇನ್ನೂ ಹುಟ್ಟಿಯೇ ಇರಲಿಲ್ಲ! ಇವರಿಬ್ಬರ ನಡುವೆ 41 ವರ್ಷ ಇದೆ. ಒಬ್ಬರ ಬದುಕು ಇನ್ನೊಬ್ಬರಿಗೆ ಸ್ಫೂರ್ತಿಯಾಯಿತು ಎಂದು ಹೇಳುವುದು ಸುಲಭ. ಆದರೆ ಆ ಸ್ಫೂರ್ತಿ 41 ವರ್ಷ ಆರದೆ ಉರಿದದ್ದು ಹೇಗೆ? ಇವತ್ತು ಅದನ್ನು ನೋಡೋಣ.

ಹೈದರಾಬಾದಿನ ಹುಡುಗ

ರಾಕೇಶ್ ಶರ್ಮಾ ಹುಟ್ಟಿದ್ದು 1949ರ ಜನವರಿ 13ರಂದು, ಪಂಜಾಬಿನ ಪಟಿಯಾಲದಲ್ಲಿ. ಬೆಳೆದದ್ದು, ಓದಿದ್ದು ಹೈದರಾಬಾದಿನಲ್ಲಿ. 1961ರ ಏಪ್ರಿಲ್ 12ರಂದು ರಷ್ಯಾದ ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಎನಿಸಿಕೊಂಡಾಗ ರಾಕೇಶ್‌ಗೆ 12 ವರ್ಷ. ಆಗ ನಮ್ಮ ದೇಶದಲ್ಲಿ ರಾಕೆಟ್ ಉಡಾವಣಾ ಕೇಂದ್ರವೇ ಇರಲಿಲ್ಲ. ತುಂಬಾ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 1963ರಲ್ಲಿ, ಅದೂ ಪುಟ್ಟದೊಂದು ರಾಕೆಟ್. ಭಾರತದ ಹುಡುಗನೊಬ್ಬ "ನಾನು ಗಗನಯಾತ್ರಿ ಆಗುತ್ತೇನೆ" ಎಂದಿದ್ದರೆ ಮನೆಯವರು ಮುಗುಳ್ನಕ್ಕು "ಮೊದಲು ಹೋಂವರ್ಕ್ ಮುಗಿಸು" ಎನ್ನುತ್ತಿದ್ದರು.

ಆದರೆ ವಿಮಾನ ಹಾರಿಸುವ ಆಸೆಗೆ ದಾರಿ ಇತ್ತು. ರಾಕೇಶ್ 1966ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ ಸೇರಿದರು. 1970ರಲ್ಲಿ ವಾಯುಪಡೆಯ ಪೈಲಟ್ ಆದರು. ಮರುವರ್ಷವೇ ಯುದ್ಧ ಬಂತು. 23 ತುಂಬುವ ಮೊದಲೇ ಅವರು ಮಿಗ್-21 ವಿಮಾನದಲ್ಲಿ 21 ಬಾರಿ ಯುದ್ಧ ಕಾರ್ಯಕ್ಕೆ ಹಾರಿದ್ದರು. ಮುಂದೆ ಪರೀಕ್ಷಾ ಪೈಲಟ್ ಆದರು.

ಪರೀಕ್ಷಾ ಪೈಲಟ್ ಎಂದರೆ ಯಾರು? ಹೊಸ ಸೈಕಲ್ ಮನೆಗೆ ಬಂದಾಗ ಅಪ್ಪ ಮೊದಲು ಒಂದು ಸುತ್ತು ಹೊಡೆದು, ಬ್ರೇಕ್ ಹಿಡಿಯುತ್ತದೆಯೇ, ಚೈನ್ ಕಳಚುತ್ತದೆಯೇ ಎಂದು ನೋಡಿ ಆಮೇಲೆ ನಿಮ್ಮ ಕೈಗೆ ಕೊಡುತ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬ್ರೇಕ್ ಹಿಡಿಯದಿದ್ದರೆ ಮೊಣಕಾಲು ತರಚುವುದಿಲ್ಲ, ಪ್ರಾಣಕ್ಕೇ ಸಂಚಕಾರ. ಹೊಸ ವಿಮಾನವನ್ನು ಹಾರಿಸಿ, ಅದು ಎಲ್ಲಿ ನಡುಗುತ್ತದೆ, ಎಲ್ಲಿ ಮಾತು ಕೇಳುವುದಿಲ್ಲ ಎಂಬುದನ್ನು ಗಮನಿಸಿ, ಕೆಳಗಿಳಿದು ಎಂಜಿನಿಯರುಗಳಿಗೆ ಬಿಡಿಸಿ ಹೇಳಬೇಕು. ಹೆದರಿಕೆಯಾದಾಗಲೂ ತಲೆ ತಣ್ಣಗಿರಬೇಕು. ನಮ್ಮ ದೇಶದಲ್ಲಿ ಈ ವಿದ್ಯೆ ಕಲಿಸುವ ವಾಯುಪಡೆಯ ಶಾಲೆ ಇರುವುದು ನಮ್ಮ ಬೆಂಗಳೂರಿನಲ್ಲೇ.

ಇಬ್ಬರು ಪೈಲಟ್‌ಗಳು, ಒಂದೇ ಸೀಟು

ಆಗಿನ ಸೋವಿಯತ್ ಒಕ್ಕೂಟ ತನ್ನ ಬಾಹ್ಯಾಕಾಶ ನೌಕೆಯಲ್ಲಿ ಒಬ್ಬ ಭಾರತೀಯನನ್ನು ಕರೆದುಕೊಂಡು ಹೋಗಲು ಒಪ್ಪಿತು. 1982ರಲ್ಲಿ ವಾಯುಪಡೆಯ ಇಬ್ಬರು ಪೈಲಟ್‌ಗಳು ಆಯ್ಕೆಯಾದರು. ಒಬ್ಬರು ರಾಕೇಶ್ ಶರ್ಮಾ, ಇನ್ನೊಬ್ಬರು ರವೀಶ್ ಮಲ್ಹೋತ್ರಾ. ಸೀಟು ಒಂದೇ. ಆದರೂ ಇಬ್ಬರಿಗೂ ಪೂರ್ತಿ ತರಬೇತಿ. ಒಬ್ಬರಿಗೆ ಕೊನೆಯ ಗಳಿಗೆಯಲ್ಲಿ ನೆಗಡಿ ಬಂದರೂ ಇನ್ನೊಬ್ಬರು ಸಿದ್ಧರಿರಬೇಕಲ್ಲ!

ರಷ್ಯಾಕ್ಕೆ ಹೊರಡುವ ಮೊದಲು ಬೆಂಗಳೂರಿನಲ್ಲಿರುವ ವಾಯುಪಡೆಯ ಕೇಂದ್ರದಲ್ಲಿ ಒಂದು ಪರೀಕ್ಷೆ ನಡೆಯಿತು. ರಾಕೇಶ್ ಅವರನ್ನು 72 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿ ಒಂದು ಕೋಣೆಯಲ್ಲಿ ಕೂಡಿಹಾಕಿದರು. ಇಕ್ಕಟ್ಟಾದ ಜಾಗ ಕಂಡರೆ ಹೆದರಿಕೆಯಾಗುತ್ತದೆಯೇ ಎಂದು ನೋಡಲು. ಬಾಹ್ಯಾಕಾಶ ನೌಕೆಯಲ್ಲಿ "ಸ್ವಲ್ಪ ಹೊರಗೆ ಹೋಗಿ ಗಾಳಿ ಕುಡಿದು ಬರುತ್ತೇನೆ" ಎನ್ನುವಂತಿಲ್ಲ, ನೋಡಿ.

ಆಮೇಲೆ ಮಾಸ್ಕೋ ಹತ್ತಿರದ ಗಗಾರಿನ್ ತರಬೇತಿ ಕೇಂದ್ರ. ಪಾಠ ಎಲ್ಲ ರಷ್ಯನ್ ಭಾಷೆಯಲ್ಲಿ. ಮೊದಲು ಭಾಷೆ ಕಲಿಯಬೇಕು, ಆಮೇಲೆ ಆ ಭಾಷೆಯಲ್ಲಿ ಯಂತ್ರ, ಗಣಿತ, ಆಪತ್ತಿನ ಸೂಚನೆಗಳನ್ನು ಕಲಿಯಬೇಕು. ಕನ್ನಡ ಶಾಲೆಯಲ್ಲಿ ಓದಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಾಠಕ್ಕೆ ಕೂತವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

1984ರ ಏಪ್ರಿಲ್ 3ರಂದು ಬೈಕೊನೂರ್ ಉಡಾವಣಾ ಕೇಂದ್ರದಿಂದ ಸೋಯುಜ್ ಟಿ-11 ನೌಕೆ ಮೇಲೇರಿತು. ಒಳಗೆ ರಾಕೇಶ್ ಶರ್ಮಾ, ಜತೆಗೆ ಯೂರಿ ಮಾಲಿಶೆವ್ ಮತ್ತು ಗೆನ್ನಡಿ ಸ್ಟ್ರೆಕಲೋವ್. ಸಲ್ಯುತ್-7 ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಉಳಿದು ಅವರು ಏಪ್ರಿಲ್ 11ರಂದು ಭೂಮಿಗೆ ಮರಳಿದರು. ಒಟ್ಟು 7 ದಿನ 21 ಗಂಟೆ 40 ನಿಮಿಷ.

ಅಲ್ಲಿ ಏನು ಮಾಡಿದರು? ಮೇಲಿನಿಂದ ಭಾರತದ ನೆಲ, ನದಿ, ಕಾಡುಗಳ ಫೋಟೋ ತೆಗೆದರು. ತೂಕವಿಲ್ಲದ ಸ್ಥಿತಿಯಲ್ಲಿ ಯೋಗಾಸನ ಮಾಡಿದರೆ ದೇಹಕ್ಕೆ ಪ್ರಯೋಜನವಾಗುತ್ತದೆಯೇ ಎಂದು ಪರೀಕ್ಷಿಸಿದರು. ಊಟಕ್ಕೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ತಯಾರಿಸಿದ ತಿನಿಸುಗಳು ಹೋಗಿದ್ದವು. ಅದರಲ್ಲಿ ರವೆಯ ಹಲ್ವಾ ಕೂಡ ಇತ್ತು. ನಮ್ಮ ಸಜ್ಜಿಗೆಯ ಅಣ್ಣನೋ ತಮ್ಮನೋ ಎನ್ನಿ. ಹಲ್ವಾ ಯಾಕೆ ಗೊತ್ತೇ? ಅದು ಅಂಟಿಕೊಂಡಿರುತ್ತದೆ. ಚಕ್ಕುಲಿಯೋ ನಿಪ್ಪಟ್ಟೋ ಆದರೆ ಕಚ್ಚಿದಾಗ ಉದುರಿದ ಚೂರು ನೆಲಕ್ಕೆ ಬೀಳದೆ ಗಾಳಿಯಲ್ಲಿ ತೇಲುತ್ತಾ ಹೋಗಿ ಕಣ್ಣಿಗೋ ಯಂತ್ರಕ್ಕೋ ಸೇರಿಬಿಡುತ್ತದೆ.

ಪ್ರಧಾನಿ ಇಂದಿರಾ ಗಾಂಧಿ ಅವರು ಟಿ.ವಿ.ಯ ಮೂಲಕ ಮಾತನಾಡಿ, ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಕೇಳಿದರು. ರಾಕೇಶ್ ಉತ್ತರಿಸಿದ್ದು ಕವಿ ಇಕ್ಬಾಲರ ಹೆಸರಾಂತ ಗೀತೆಯ ಮೊದಲ ಸಾಲಿನಿಂದ. ಆ ಸಾಲು ಯಾವುದು ಎಂದು ನಾನು ಹೇಳುವುದಿಲ್ಲ. ಅಜ್ಜ-ಅಜ್ಜಿಯರನ್ನು ಕೇಳಿ, ಹಾಡಿಯೇ ತೋರಿಸಬಹುದು.

ಮರಳಿದ ಮೇಲೆ ಊರೂರಲ್ಲಿ ಮೆರವಣಿಗೆ, ಹಾರ, ಹಸ್ತಾಕ್ಷರ. ದೇಶ ಅವರಿಗೆ ಅಶೋಕ ಚಕ್ರ ನೀಡಿತು. ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೆ "ಈ ಅಂಕಲ್ ಚಂದ್ರನ ಮೇಲೆ ಹೋಗಿ ಬಂದಿದ್ದಾರೆ" ಎಂದು ಪರಿಚಯ ಮಾಡಿಕೊಡುತ್ತಿದ್ದರಂತೆ! ಮೇಲೆ ದೇವರು ಸಿಕ್ಕಿದನೇ ಎಂದು ಕೇಳಿದವರೂ ಉಂಟು. ಇಲ್ಲ, ಸಿಗಲಿಲ್ಲ ಎಂದು ಅವರು ಹೇಳುತ್ತಿದ್ದರಂತೆ.

ಆಮೇಲೆ? ರಾಕೇಶ್ ಮತ್ತೆ ತಮ್ಮ ಹಳೆಯ ಕೆಲಸಕ್ಕೇ ಹೋದರು. ಎಚ್‌ಎಎಲ್ ಸೇರಿ, ಮೊದಲು ನಾಸಿಕ್‌ನಲ್ಲಿ, ನಂತರ ಬೆಂಗಳೂರಿನಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿ ವಿಮಾನಗಳನ್ನು ಹಾರಿಸಿ ನೋಡುವ ಕೆಲಸ ಮಾಡಿದರು. ಅಷ್ಟು ಎತ್ತರಕ್ಕೆ ಹೋಗಿ ಬಂದವರು ಪ್ರತಿದಿನ ಬೆಳಿಗ್ಗೆ ಎದ್ದು ಮಾಮೂಲಿ ಕೆಲಸಕ್ಕೆ ಹೋಗುತ್ತಿದ್ದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲಖನೌದ ಹುಡುಗ

ಶುಭಾಂಶು ಶುಕ್ಲಾ ಹುಟ್ಟಿದ್ದು 1985ರ ಅಕ್ಟೋಬರ್ 10ರಂದು, ಉತ್ತರ ಪ್ರದೇಶದ ಲಖನೌದಲ್ಲಿ. ಮೂವರು ಮಕ್ಕಳಲ್ಲಿ ಕಿರಿಯವ. ಚಿಕ್ಕಂದಿನಲ್ಲಿ ಒಮ್ಮೆ ವಿಮಾನಗಳ ಪ್ರದರ್ಶನ ನೋಡಲು ಹೋಗಿದ್ದನಂತೆ. ಆ ವೇಗ, ಎದೆ ನಡುಗಿಸುವ ಆ ಸದ್ದು ಅವನನ್ನು ಹಿಡಿದುಬಿಟ್ಟಿತು ಎಂದು ಅವನ ಅಕ್ಕ ಹೇಳಿದ್ದಾರೆ. ನಮ್ಮಲ್ಲೂ ಯಲಹಂಕದ ಏರೋ ಇಂಡಿಯಾ ನೋಡಿ ಬಂದ ಮಕ್ಕಳು ವಾರವಿಡೀ ಕೈಯನ್ನೇ ರೆಕ್ಕೆ ಮಾಡಿಕೊಂಡು ಮನೆ ತುಂಬ ಓಡುತ್ತಾರಲ್ಲ, ಹಾಗೇ ಇರಬೇಕು.

ಶಾಲೆಯ ಪುಸ್ತಕದಲ್ಲಿ ಅವನು ರಾಕೇಶ್ ಶರ್ಮಾ ಅವರ ಬಗ್ಗೆ ಓದಿದ. ದೊಡ್ಡವರ ಬಾಯಿಂದ ಅವರ ಕಥೆ ಕೇಳಿದ. ಮನಸ್ಸಿಗೆ ತುಂಬ ನಾಟಿತು. ಆದರೆ ಶುಭಾಂಶು ಮುಂದೆ ದೊಡ್ಡವರಾದ ಮೇಲೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆಗ ತಮ್ಮ ಕನಸು ಇದ್ದದ್ದು ಹಾರುವುದು ಮಾತ್ರ. ಗಗನಯಾತ್ರಿಯಾಗುವ ದಾರಿ ತೆರೆದುಕೊಂಡದ್ದು ಬಹಳ ತಡವಾಗಿ. ಏಕೆಂದರೆ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಯೋಜನೆಯೇ ಆಗ ದೇಶದಲ್ಲಿ ಇರಲಿಲ್ಲ.

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಹೀರೋ ಇದ್ದಾರೆ, ಆದರೆ ಅವರು ನಡೆದ ದಾರಿ ಮುಚ್ಚಿದೆ. ಬಸ್ಸು ಹೋಗಿದೆ, ಮುಂದಿನ ಬಸ್ಸು ಯಾವಾಗ ಎಂದು ಬೋರ್ಡಿನಲ್ಲಿ ಬರೆದಿಲ್ಲ. ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಅಂಥ ಹುಡುಗ ಏನು ಮಾಡಬೇಕು?

ಶುಭಾಂಶು ಬಸ್ ಸ್ಟಾಂಡಿನಲ್ಲಿ ಕೂರಲಿಲ್ಲ, ನಡೆಯಲು ಶುರುಮಾಡಿದರು. ಎನ್‌ಡಿಎ ಪ್ರವೇಶ ಪರೀಕ್ಷೆ ಬರೆದು ಪಾಸಾದರು. 2005ರಲ್ಲಿ ಅಲ್ಲಿಂದ ಪದವಿ ಪಡೆದರು. 2006ರಲ್ಲಿ ಯುದ್ಧವಿಮಾನಗಳ ಪೈಲಟ್ ಆಗಿ ವಾಯುಪಡೆ ಸೇರಿದರು. ಸುಖೋಯ್, ಮಿಗ್-21, ಮಿಗ್-29, ಜಾಗ್ವಾರ್, ಹಾಕ್ ಹೀಗೆ ಬಗೆಬಗೆಯ ವಿಮಾನಗಳಲ್ಲಿ ಸುಮಾರು 2,000 ಗಂಟೆ ಹಾರಿದರು. ಅವರೂ ಪರೀಕ್ಷಾ ಪೈಲಟ್ ಆದರು.

ಅಂದರೆ ಶುಭಾಂಶು ತಮ್ಮ ಹೀರೋನಿಂದ ಕಲಿತದ್ದು ರಾಕೆಟ್ ಏರುವ ಎಂಟು ದಿನವನ್ನಲ್ಲ. ಆ ಎಂಟು ದಿನದ ಹಿಂದೆ ಇದ್ದ ಹದಿನಾಲ್ಕು ವರ್ಷದ ಕೆಲಸವನ್ನು. ನಾವು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಕ್ರಿಕೆಟಿಗನ ಸಿಕ್ಸರ್ ನೋಡಿ ಹಿಗ್ಗುತ್ತೇವೆ, ಬೆಳಗಿನ ಐದು ಗಂಟೆಯ ನೆಟ್ ಅಭ್ಯಾಸ ನಮಗೆ ಕಾಣುವುದಿಲ್ಲ. ಸಂಗೀತ ಕಛೇರಿಯ ಚಪ್ಪಾಳೆ ಕೇಳಿಸುತ್ತದೆ, ಮನೆಯ ಮೂಲೆಯಲ್ಲಿ ಕೂತು ಸರಳೆವರಸೆ ಹಾಡಿದ ದಿನಗಳು ಕೇಳಿಸುವುದಿಲ್ಲ.

ಹೆಸರಿಲ್ಲದ ಐದು ವರ್ಷ

ಕೊನೆಗೂ ದಾರಿ ತೆರೆಯಿತು. ಭಾರತ ತನ್ನದೇ ರಾಕೆಟ್‌ನಲ್ಲಿ ಮನುಷ್ಯರನ್ನು ಕಳಿಸುವ ಗಗನಯಾನ ಯೋಜನೆಯನ್ನು ಕೈಗೆತ್ತಿಕೊಂಡಿತು. 2019ರಲ್ಲಿ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ವಾಯುಪಡೆಯ ಪೈಲಟ್‌ಗಳಿಗೆ ಕಟ್ಟುನಿಟ್ಟಿನ ಪರೀಕ್ಷೆಗಳು ನಡೆದವು. ಕೊನೆಗೆ ಉಳಿದವರು ನಾಲ್ವರು. ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ.

2020ರಲ್ಲಿ ಅವರು ತರಬೇತಿಗೆ ಹೋದದ್ದು ಎಲ್ಲಿಗೆ ಗೊತ್ತೇ? ಅದೇ ಗಗಾರಿನ್ ಕೇಂದ್ರಕ್ಕೆ. ಪಠ್ಯಪುಸ್ತಕದಲ್ಲಿ ಓದಿದ ಜಾಗದಲ್ಲೇ ಈಗ ಪಾಠಕ್ಕೆ ಕೂರುವುದು! ಅಲ್ಲಿಂದ ಬಂದ ಮೇಲೆ ಬೆಂಗಳೂರಿನಲ್ಲಿ ಇಸ್ರೋದ ತರಬೇತಿ. ಜತೆಗೆ ಶುಭಾಂಶು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಪ್ರೀತಿಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, ಎಂ.ಟೆಕ್. ಓದಿದರು. ಯುದ್ಧವಿಮಾನದ ಪೈಲಟ್ ಮತ್ತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದರು.

ಇಷ್ಟಾದರೂ ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾಲ್ವರ ಹೆಸರನ್ನು ದೇಶಕ್ಕೆ ತಿಳಿಸಿದ್ದು 2024ರ ಫೆಬ್ರುವರಿ 27ರಂದು, ತಿರುವನಂತಪುರದಲ್ಲಿ. ಅಲ್ಲಿಯವರೆಗೆ ಚಪ್ಪಾಳೆ ಇಲ್ಲ, ಫೋಟೋ ಇಲ್ಲ, ಕೆಲಸ ಮಾತ್ರ.

ಮತ್ತೆ ಮತ್ತೆ ಮುಂದಕ್ಕೆ ಹೋದ ದಿನ

ಗಗನಯಾನ ಹೊರಡುವ ಮೊದಲೇ ಇನ್ನೊಂದು ಅವಕಾಶ ಬಂತು. ಅಮೆರಿಕದ ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ಅವಕಾಶ. ನೌಕೆಯ ಪೈಲಟ್ ಶುಭಾಂಶು. ಕಮಾಂಡರ್ ಅಮೆರಿಕದ ಪೆಗ್ಗಿ ವಿಟ್ಸನ್. ಜತೆಗೆ ಪೋಲೆಂಡ್ ಮತ್ತು ಹಂಗೇರಿಯ ಒಬ್ಬೊಬ್ಬರು.

2025ರ ಮೇ 29ಕ್ಕೆ ಹೊರಡುವುದೆಂದಿತ್ತು. ಜೂನ್ 8ಕ್ಕೆ ಹೋಯಿತು. ಆಮೇಲೆ 10ಕ್ಕೆ. ಹವಾಮಾನ ಸರಿಯಿಲ್ಲ ಎಂದು 11ಕ್ಕೆ. ಅಷ್ಟರಲ್ಲಿ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಅದು ಸೊನ್ನೆಗಿಂತ 183 ಡಿಗ್ರಿಗೂ ಕೆಳಗಿನ ತಣ್ಣಗಿನ ದ್ರವ. ಕೊಳಾಯಿಯಲ್ಲಿ ನೀರು ತೊಟ್ಟಿಕ್ಕಿದರೆ ಬಕೆಟ್ ಇಟ್ಟು ಸುಮ್ಮನಿರಬಹುದು, ಇದನ್ನು ಹಾಗೆ ಬಿಡುವಂತಿಲ್ಲ. ಅದು ಸರಿಯಾಗುವಷ್ಟರಲ್ಲಿ ಬಾಹ್ಯಾಕಾಶ ನಿಲ್ದಾಣದ ಒಂದು ಭಾಗದಲ್ಲಿ ಗಾಳಿ ಸೋರುವ ಚಿಂತೆ. ಮತ್ತೆ 19, ಮತ್ತೆ 22. ಯಾತ್ರಿಗಳಿಗೆ ಸೋಂಕು ತಗಲಬಾರದೆಂದು ಸುಮಾರು ತಿಂಗಳ ಕಾಲ ಹೊರಗಿನವರಿಂದ ದೂರವೇ ಇಟ್ಟಿದ್ದರು.

ಪ್ರವಾಸ ಒಂದು ವಾರ ಮುಂದಕ್ಕೆ ಹೋದರೆ ನಮ್ಮ ಮುಖ ಹೇಗಾಗುತ್ತದೆ, ನೆನಪಿಸಿಕೊಳ್ಳಿ. ತಾಳಿದವನು ಬಾಳಿಯಾನು ಎಂದು ಅಜ್ಜಿ ಹೇಳುವುದು ಸುಮ್ಮನೆ ಅಲ್ಲ. ರಾಕೆಟ್ ವಿಷಯದಲ್ಲಿ ಅದು ಗಾದೆಯಷ್ಟೇ ಅಲ್ಲ, ನಿಯಮ. ಸಣ್ಣ ಸೋರಿಕೆಯನ್ನು ಕಂಡು "ಇರಲಿ ಬಿಡಿ" ಎನ್ನದೆ ನಿಲ್ಲಿಸುವವರು ಇದ್ದರೇ ಯಾತ್ರಿಗಳು ಮನೆಗೆ ಮರಳುತ್ತಾರೆ.

ಜೂನ್ 25ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ ದಾಟುತ್ತಿದ್ದಂತೆ, ಫ್ಲಾರಿಡಾದಿಂದ ಫಾಲ್ಕನ್-9 ರಾಕೆಟ್ ಎದ್ದಿತು. ನೌಕೆಯೊಳಗೆ ಒಂದು ಪುಟ್ಟ ಬಿಳಿ ಹಂಸದ ಬೊಂಬೆ ಇತ್ತು. ಅದರ ಹೆಸರು ಜಾಯ್. ಅದು ತೇಲಲು ಶುರುವಾದರೆ ತೂಕವಿಲ್ಲದ ಸ್ಥಿತಿ ಬಂತು ಎಂದು ತಿಳಿಯುವುದಕ್ಕೆ. ಶಾರದೆಯ ವಾಹನವಾದ ಹಂಸವನ್ನು ನಮ್ಮಲ್ಲಿ ವಿವೇಕದ ಗುರುತು ಎನ್ನುತ್ತಾರಲ್ಲ!

ಧಾರವಾಡದ ಹೆಸರುಕಾಳು

ಮರುದಿನ ಅವರು ನಿಲ್ದಾಣ ತಲುಪಿದರು. ಅಲ್ಲಿಗೆ ಕಾಲಿಟ್ಟ ಮೊದಲ ಭಾರತೀಯ ಶುಭಾಂಶು. ಕಾಲಿಟ್ಟ ಎನ್ನುವುದು ಬರೀ ಮಾತಿಗೆ. ಅಲ್ಲಿ ಯಾರೂ ಕಾಲಿಡುವುದಿಲ್ಲ, ತೇಲುತ್ತಾರೆ.

ಯಾಕೆ ತೇಲುತ್ತಾರೆ? "ಅಲ್ಲಿ ಗುರುತ್ವಾಕರ್ಷಣೆ ಇಲ್ಲ" ಎಂದು ಬರೆದರೆ ಮಾರ್ಕ್ಸ್ ಹೋಗುತ್ತದೆ, ಜೋಕೆ! ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಯೂ ಭೂಮಿಯ ಸೆಳೆತ ಇಲ್ಲಿಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದೆ. ಮಾವಿನ ಮರಕ್ಕೆ ಕಲ್ಲು ಬೀರಿದರೆ ಅದು ಬಾಗಿ ನೆಲಕ್ಕೆ ಬೀಳುತ್ತದೆ. ಇನ್ನೂ ಜೋರಾಗಿ ಬೀರಿದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಅಷ್ಟು ಎತ್ತರದಿಂದ ಬೀರಿದರೆ? ಅದು ಬೀಳುತ್ತಲೇ ಇರುತ್ತದೆ, ಆದರೆ ಭೂಮಿ ದುಂಡಗಿರುವುದರಿಂದ ನೆಲವೂ ಕೆಳಕ್ಕೆ ಬಾಗುತ್ತಲೇ ಹೋಗುತ್ತದೆ. ನೆಲ ಸಿಗುವುದೇ ಇಲ್ಲ. ಹೀಗೆ ನಿಲ್ದಾಣ, ಒಳಗಿನ ಜನ, ಹಂಸದ ಬೊಂಬೆ ಎಲ್ಲವೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ಒಳಗಿದ್ದವರಿಗೆ ತೇಲಿದಂತೆ ಆಗುತ್ತದೆ. ಆ ವೇಗಕ್ಕೆ ಬೆಂಗಳೂರಿನಿಂದ ಬೀದರಿಗೆ ಒಂದೂವರೆ ನಿಮಿಷ ಸಾಕು. ದಿನಕ್ಕೆ 16 ಬಾರಿ ಸೂರ್ಯೋದಯ!

ಅಲ್ಲಿ ಶುಭಾಂಶು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ್ದು. ಹೆಸರುಕಾಳು, ಮೆಂತ್ಯದ ಕಾಳುಗಳಿಗೆ ನೀರು ಹಾಕಿ, ತೂಕವಿಲ್ಲದ ಕಡೆ ಮೊಳಕೆ ಹೇಗೆ ಬರುತ್ತದೆ ಎಂದು ನೋಡುವುದು. ಅಜ್ಜಿ ಕೋಸಂಬರಿಗೆಂದು ಬಟ್ಟೆಯಲ್ಲಿ ಕಟ್ಟಿಡುವ ಅದೇ ಹೆಸರುಕಾಳು! ಮುಂದೆ ದೂರದ ಯಾನಗಳಲ್ಲಿ ಯಾತ್ರಿಗಳಿಗೆ ತಾಜಾ ಆಹಾರ ಬೇಕಲ್ಲ, ಅದಕ್ಕೆ ಇದು ಮೊದಲ ಹೆಜ್ಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಳಿಸಿದ್ದು ನೀರುಕರಡಿ ಎಂಬ, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಜೀವಿಯನ್ನು. ಎಂಥ ಚಳಿ, ಎಂಥ ಒಣ ಹವೆಯಲ್ಲೂ ಬದುಕುವ ಗಟ್ಟಿ ಪಿಂಡ ಅದು.

ಊಟಕ್ಕೆ ಈ ಸಲವೂ ಹಲ್ವಾ ಇತ್ತು. ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಜತೆಗೆ ಮಾವಿನ ರಸ. ಒಬ್ಬರೇ ತಿನ್ನಲಿಲ್ಲ, ಎಲ್ಲರಿಗೂ ಹಂಚಿದರು. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಿಂದ ಹ್ಯಾಮ್ ರೇಡಿಯೋ ಮೂಲಕ ಮಾತುಕತೆಯೂ ನಡೆಯಿತು. ಪ್ರಧಾನಿಯವರೊಡನೆ ಮಾತನಾಡುವಾಗ ಶುಭಾಂಶು, ಮೇಲಿನಿಂದ ನೋಡಿದರೆ ಗಡಿಗೆರೆಗಳೇ ಕಾಣುವುದಿಲ್ಲ, ಭೂಮಿ ಒಂದೇ ಮನೆಯಂತೆ ಕಾಣುತ್ತದೆ ಎಂದರು.

ಜುಲೈ 15ರಂದು ನೌಕೆ ಕ್ಯಾಲಿಫೋರ್ನಿಯಾದ ಕರಾವಳಿಯ ಸಮುದ್ರದಲ್ಲಿ ಇಳಿಯಿತು. ಮರಳಿದ ಮೇಲೆ ಮೊಬೈಲ್ ಕೈಗೆ ಕೊಟ್ಟರೆ ಅದೂ ಭಾರ ಎನಿಸಿತಂತೆ. ಒಂದು ದಿನ ಹಾಸಿಗೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ಕೈಬಿಟ್ಟರಂತೆ, ಗಾಳಿಯಲ್ಲಿ ತೇಲುತ್ತದೆ ಎಂಬ ಅಭ್ಯಾಸದಲ್ಲಿ! ಅದು ದೊಪ್ಪೆಂದು ಬಿತ್ತು. ಕೆಳಗೆ ಕಾರ್ಪೆಟ್ ಇತ್ತು, ಬಚಾವಾಯಿತು.

ಹೋಗದೆ ಉಳಿದವರು

ಇಲ್ಲಿಗೆ ಕಥೆ ಮುಗಿಸಿ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಇನ್ನೂ ಕೆಲವರ ಬಗ್ಗೆ ಹೇಳಬೇಕು.

ಮೊದಲು ಹೇಳಿದೆನಲ್ಲ, ರವೀಶ್ ಮಲ್ಹೋತ್ರಾ. ಅದೇ ತರಬೇತಿ, ಅದೇ ರಷ್ಯನ್ ಪಾಠ, ಅದೇ ಶ್ರಮ. ಕೊನೆಗೆ ರಾಕೆಟ್ ಏರಿದ್ದು ಗೆಳೆಯ. ದೇಶ ಅವರಿಗೆ ಕೀರ್ತಿ ಚಕ್ರ ನೀಡಿ ಗೌರವಿಸಿತು. ಅವರೂ ಮುಂದೆ ಬೆಂಗಳೂರಿನಲ್ಲಿ ವಿಮಾನದ ಭಾಗಗಳನ್ನು ತಯಾರಿಸುವ ಉದ್ಯಮದಲ್ಲಿ ದುಡಿದರು. ಆದರೆ ಬಾಹ್ಯಾಕಾಶಕ್ಕೆ ಹೋಗುವ ಸರದಿ ಅವರಿಗೆ ಬರಲೇ ಇಲ್ಲ.

1985ರಲ್ಲಿ ಇಸ್ರೋದ ಪಿ. ರಾಧಾಕೃಷ್ಣನ್ ಮತ್ತು ಎನ್. ಸಿ. ಭಟ್ ಅಮೆರಿಕದ ಬಾಹ್ಯಾಕಾಶ ಷಟಲ್ ಯಾನಕ್ಕೆ ಆಯ್ಕೆಯಾದರು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು. 1986ರ ಜನವರಿ 28ರಂದು ಚಾಲೆಂಜರ್ ಷಟಲ್ ಆಕಾಶದಲ್ಲೇ ಛಿದ್ರವಾಗಿ ಏಳು ಮಂದಿ ತೀರಿಕೊಂಡರು. ನಮ್ಮವರ ಯಾನ ರದ್ದಾಯಿತು. ಇಬ್ಬರಲ್ಲಿ ಒಬ್ಬರೂ ಹೋಗಲಿಲ್ಲ. 2025ರಲ್ಲೂ ಹಾಗೇ. ಪ್ರಶಾಂತ್ ನಾಯರ್ ಅವರು ಶುಭಾಂಶು ಜತೆಗೇ ಅಮೆರಿಕದಲ್ಲಿ ತರಬೇತಿ ಪಡೆದು ಬದಲಿ ಯಾತ್ರಿಯಾಗಿ ಸಿದ್ಧರಿದ್ದರು. ರಾಕೆಟ್ ಹಾರಿದಾಗ ಅವರು ನೆಲದ ಮೇಲಿದ್ದರು. ಅವರಿಗೆ ಗಗನಯಾನದ ಬಾಗಿಲು ಇನ್ನೂ ತೆರೆದೇ ಇದೆ ಎಂಬುದೊಂದು ಸಮಾಧಾನ.

ಮಕ್ಕಳೇ, ಇವರು ಸೋತವರೇ? ಅಜ್ಜ-ಅಜ್ಜಿಯರನ್ನು ಕೇಳಿ. ಅವರಿಗೆ ಇದರ ಉತ್ತರ ಗೊತ್ತು. ಚೆನ್ನಾಗಿ ಓದಿಯೂ ಮನೆಯ ಕಷ್ಟಕ್ಕೆ ಕಾಲೇಜು ಬಿಟ್ಟವರು, ಹಾಡಲು ಬಂದರೂ ವೇದಿಕೆ ಸಿಗದವರು, ತಮ್ಮನಿಗೋ ತಂಗಿಗೋ ಸೀಟು ಬಿಟ್ಟುಕೊಟ್ಟವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರು ಕಲಿತದ್ದು ವ್ಯರ್ಥವಾಗಲಿಲ್ಲ, ಇನ್ನೊಂದು ರೂಪದಲ್ಲಿ ಮನೆಗೆ, ಮಕ್ಕಳಿಗೆ ಬಂತು. ಬದಲಿ ಯಾತ್ರಿ ಸಿದ್ಧರಿದ್ದಾರೆ ಎಂಬ ಧೈರ್ಯವಿದ್ದುದರಿಂದಲೇ ಮೊದಲನೆಯವರು ನೆಮ್ಮದಿಯಿಂದ ಮೇಲೇರಿದರು.

ಆದ್ದರಿಂದ "ನಾನು ಗಗನಯಾತ್ರಿ ಆಗುತ್ತೇನೆ" ಎನ್ನುವ ಮಗುವಿಗೆ ನಾನು ಹೇಳುವುದು ಒಂದೇ. ಆಸೆ ಇಟ್ಟುಕೋ, ಬಿಡಬೇಡ. ಆದರೆ ಸೀಟನ್ನು ಪ್ರೀತಿಸಬೇಡ, ಕೆಲಸವನ್ನು ಪ್ರೀತಿಸು. ಸೀಟು ಯಾರದೋ ಕೈಯಲ್ಲಿದೆ, ಕೆಲಸ ನಿನ್ನ ಕೈಯಲ್ಲಿದೆ. ಶುಭಾಂಶುಗೆ ಬಾಹ್ಯಾಕಾಶದ ಸರದಿ ಬಾರದೇ ಹೋಗಿದ್ದರೂ ಅವರು ಒಳ್ಳೆಯ ಪೈಲಟ್ ಆಗಿಯೇ ಇರುತ್ತಿದ್ದರು, ಸಂತೋಷವಾಗಿಯೇ ಹಾರುತ್ತಿದ್ದರು. ಬಾಹ್ಯಾಕಾಶಕ್ಕೆ ಹೋಗಿ ಬಂದ ಮೇಲೂ ರಾಕೇಶ್ ಶರ್ಮಾ ಮಾಮೂಲಿ ಕೆಲಸಕ್ಕೆ ಮರಳಿದ್ದು ಅದಕ್ಕೇ. ನೆನಪಿಡಿ ಎಂದಿದ್ದೆನಲ್ಲ, ಆ ಮಾತು ಇದೇ.

ದಾರಿ ಎಲ್ಲಿಂದ?

ಹೆಣ್ಣುಮಕ್ಕಳೇ, ಈ ದಾರಿ ನಿಮಗೂ ಇದೆ. 2016ರಿಂದ ವಾಯುಪಡೆಯಲ್ಲಿ ಮಹಿಳೆಯರು ಯುದ್ಧವಿಮಾನ ಹಾರಿಸುತ್ತಿದ್ದಾರೆ. 2022ರಿಂದ ಎನ್‌ಡಿಎಯಲ್ಲೂ ಹುಡುಗಿಯರು ಕಲಿಯುತ್ತಿದ್ದಾರೆ, ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ವಾಯುಪಡೆಗೆ ಹೋಗಬೇಕೆನ್ನುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತವನ್ನು ಬಿಡುವಂತಿಲ್ಲ. ನಿಮ್ಮ ಶಾಲೆ-ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ವಿಜಯಪುರ ಮತ್ತು ಕೊಡಗಿನಲ್ಲಿ ಸೈನಿಕ ಶಾಲೆಗಳಿವೆ. ಬೆಂಗಳೂರಿಗೆ ಬಂದಾಗ ಎಚ್‌ಎಎಲ್ ವಿಮಾನ ಸಂಗ್ರಹಾಲಯ ನೋಡಿ, ಹಳೆಯ ವಿಮಾನಗಳನ್ನು ಹತ್ತಿರದಿಂದ ಕಾಣಬಹುದು. ಬೀದರಿನ ಮಕ್ಕಳಂತೂ ಅದೃಷ್ಟವಂತರು, ಸೂರ್ಯಕಿರಣ ವಿಮಾನ ತಂಡದ ನೆಲೆಯೇ ಅಲ್ಲಿದೆ. ಇದು ಯಾವುದೂ ಹತ್ತಿರವಿಲ್ಲವೇ? ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು. ಕಾಗದದ ವಿಮಾನ ಮಾಡಿ, ರೆಕ್ಕೆಯ ಹಿಂಬದಿಯನ್ನು ಕೊಂಚ ಮೇಲಕ್ಕೆ ಮಡಚಿ ಹಾರಿಸಿ. ಆಮೇಲೆ ಕೆಳಕ್ಕೆ ಮಡಚಿ ಹಾರಿಸಿ. ಏನು ವ್ಯತ್ಯಾಸ ಕಂಡಿತೆಂದು ಬರೆದಿಡಿ. ಪರೀಕ್ಷಾ ಪೈಲಟ್ ಮಾಡುವ ಕೆಲಸವೂ ಇದೇ, ಹಾರಿಸು, ಗಮನಿಸು, ಬರೆದಿಡು.

ಈ ವಾರದ ಕೆಲಸ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮೂರಿನ ಮೇಲೂ ಹಾದುಹೋಗುತ್ತದೆ. ನೋಡಲು ದೂರದರ್ಶಕ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಎಂಬುದನ್ನು ಮನೆಯ ದೊಡ್ಡವರು ಮೊಬೈಲಿನಲ್ಲಿ ಹುಡುಕಿ ಕೊಡಲಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನ ಮೇಲೆ, ಇಲ್ಲವೇ ಹುಟ್ಟುವ ಮುನ್ನ, ಮೋಡವಿಲ್ಲದ ದಿನ ಮಾಳಿಗೆಗೋ ಅಂಗಳಕ್ಕೋ ಬನ್ನಿ. ವಿಮಾನದಂತೆ ಮಿಣಿಮಿಣಿ ಎನ್ನದೆ, ಸದ್ದಿಲ್ಲದೆ, ದೊಡ್ಡ ನಕ್ಷತ್ರವೊಂದು ಆಕಾಶ ದಾಟಿ ಹೋಗುತ್ತದೆ. ಕೆಲವೇ ನಿಮಿಷ, ಅಷ್ಟೇ. ಅದರೊಳಗೆ ಆ ಹೊತ್ತಿಗೂ ಮನುಷ್ಯರಿರುತ್ತಾರೆ.

ಮಕ್ಕಳೇ, ನೀವು ಒಬ್ಬರೇ ನೋಡಬೇಡಿ. ಅಜ್ಜಿಯ ಕಣ್ಣಿಗೆ ಕಾಣುವವರೆಗೂ ಬೆರಳು ಮಾಡಿ ತೋರಿಸಿ. ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸ. ಚಿಕ್ಕಂದಿನಲ್ಲಿ ನೀವು ಏನಾಗಬೇಕೆಂದಿದ್ದಿರಿ ಎಂಬುದನ್ನು ಅಂದು ಮೊಮ್ಮಕ್ಕಳಿಗೆ ಹೇಳಿ. ಆದದ್ದನ್ನೂ ಹೇಳಿ, ಆಗದೇ ಉಳಿದದ್ದನ್ನೂ ಹೇಳಿ. ಅದನ್ನು ಕೇಳಿಸಿಕೊಳ್ಳುವ ಸರದಿ ಈಗ ಅವರದು.